ಡಾಸನ್ ಸಿಟಿ: ಚಿನ್ನದ ಹುಚ್ಚು ಎರಡೇ ವರ್ಷಕ್ಕೆ ಇಳಿಯಿತು, ಊರು ಹೇಗೆ ಉಳಿಯಿತು?

ಉತ್ತರದಿಕ್ಕು:
ಕೆನಡಾದ ಯುಕಾನ್‌ನಲ್ಲಿರುವ ಡಾಸನ್ ಸಿಟಿ ಬಗ್ಗೆ ಯಾರು ಬರೆದರೂ ಅದೇ ಕತೆ. 1896ರಲ್ಲಿ ಚಿನ್ನ ಸಿಕ್ಕಿತು, ಜನ ನುಗ್ಗಿದರು, ಚಳಿಗೆ ಒದ್ದಾಡಿದರು, ಹಾಳಾಗಿ ಹೋದರು, ಮುಗೀತು. ಅಲ್ಲಿಗೆ ಕತೆ ನಿಲ್ಲಿಸಿಬಿಡುತ್ತಾರೆ. ಆದರೆ ಊರು ಈಗಲೂ ಇದೆ ಅಲ್ವಾ? ಕ್ಲೋಂಡೈಕ್ ನದಿ ಬಂದು ಯುಕಾನ್ ನದಿಗೆ ಸೇರುವ ಜಾಗದಲ್ಲಿ, ಗುಡ್ಡದ ಬುಡದ ಸಮತಟ್ಟಿನ ಮೇಲೆ. 2021ರ ಜನಗಣತಿಯಲ್ಲಿ 1,577 ಜನ. 1898ರಲ್ಲಿ ಇದೇ ಜಾಗದಲ್ಲಿ ಮತ್ತು ಸುತ್ತಲಿನ ತೊರೆಗಳಲ್ಲಿ ಸುಮಾರು ಮೂವತ್ತು ಸಾವಿರ ಜನ ಇದ್ದರು ಅಂತಾರೆ. ಮೂವತ್ತು ಸಾವಿರದಿಂದ ಒಂದೂವರೆ ಸಾವಿರಕ್ಕೆ ಇಳಿದರೂ ಸಾಯದ ಊರು.

ನನಗೆ ಕುತೂಹಲ ಇರುವುದು ಅದರ ಬಗ್ಗೆ. ಚಿನ್ನದ ಊರುಗಳು ಸಾಮಾನ್ಯವಾಗಿ ಸಾಯುತ್ತವೆ. ಅದೇ ಕಣಿವೆಯಲ್ಲಿದ್ದ ಗ್ರ್ಯಾಂಡ್ ಫೋರ್ಕ್ಸ್ ಅನ್ನೋ ಊರು ಸಂಪೂರ್ಣ ಅಳಿಸಿಹೋಗಿದೆ, ಅದು ನಿಂತಿದ್ದ ನೆಲವನ್ನೂ ಚಿನ್ನಕ್ಕಾಗಿ ಅಗೆದು ಹಾಕಿದರು. ಡಾಸನ್ ಯಾಕೆ ಸಾಯಲಿಲ್ಲ? ಅಲ್ಲಿಗೆ ಹೋದವರು, ಓದಿದವರು ಬರೆಯಿರಿ. ಗುಂಡೇಟಿನ ಕತೆ ಬೇಡ, ಅಲ್ಲಿ ಅಂಥದ್ದು ಆಗಿದ್ದೂ ಕಡಿಮೆ. ಗಡಿಯಲ್ಲೇ ಪೊಲೀಸರು ಪಿಸ್ತೂಲು ಕಿತ್ತಿಟ್ಟುಕೊಳ್ಳುತ್ತಿದ್ದರು, ಭಾನುವಾರ ಮದ್ಯದಂಗಡಿ, ನಾಟ್ಯಶಾಲೆ ಎಲ್ಲಾ ಬಂದ್.

ಮಂಜಣ್ಣ:
ಸರ್, ಉತ್ತರ ಸುಲಭ. ಟೂರಿಸ್ಟ್‌ಗಳು. ಹಳೇ ಮರದ ಕಟ್ಟಡಕ್ಕೆ ಬಣ್ಣ ಹೊಡೆದು, ಹುಡುಗೀರಿಗೆ ಗರಿಗರಿ ಲಂಗ ಹಾಕಿಸಿ ಕುಣಿಸಿದರೆ ಯಾವ ಊರು ಬೇಕಾದರೂ ಉಳಿಯುತ್ತೆ. ಅಲ್ಲಿನ ಒಂದು ಹೋಟೆಲ್‌ನಲ್ಲಿ ಮನುಷ್ಯನ ಒಣಗಿದ ಕಾಲ್ಬೆರಳನ್ನು ವಿಸ್ಕಿಯಲ್ಲಿ ಹಾಕಿ ಕೊಡುತ್ತಾರೆ. ಬೆರಳಿಗೆ ತುಟಿ ತಾಗಬೇಕು, ಆಗ ಸರ್ಟಿಫಿಕೇಟ್. 1973ರಿಂದ ನಡೀತಾ ಇದೆ. ಇದು ಊರೋ ಸರ್ಕಸ್ಸೋ?

ಉತ್ತರದಿಕ್ಕು:
ಮಂಜಣ್ಣ, ಬೆರಳಿನ ವಿಷಯ ನಿಜ. ಅದನ್ನೇ ನೋಡೋಕೆ ಬಂದು ಅದನ್ನಷ್ಟೇ ನೋಡಿ ಹೋಗುವವರು ಇದ್ದಾರೆ. ಆದರೆ ಟೂರಿಸಂ ಶುರುವಾಗಿದ್ದೇ 1960ರ ಹೊತ್ತಿಗೆ. 1898ರಿಂದ 1960ರವರೆಗೆ ಆರು ದಶಕ ಊರು ಏನು ತಿಂದು ಬದುಕಿತು?

ಕಲ್ಲುಮಣ್ಣು:
ಇದಕ್ಕೆ ಉತ್ತರ ನೆಲದಲ್ಲಿದೆ, ಹಾಗಾಗಿ ಸ್ವಲ್ಪ ಭೂವಿಜ್ಞಾನ ಸಹಿಸಿಕೊಳ್ಳಿ.

ಮೊದಲನೆಯದಾಗಿ ಇದು ನಮ್ಮ ಕೆಜಿಎಫ್ ಥರ ಬಂಡೆ ಕೊರೆದು ಕಿಲೋಮೀಟರ್‌ಗಟ್ಟಲೆ ಕೆಳಗೆ ಇಳಿಯುವ ಗಣಿ ಅಲ್ಲ. ಪ್ಲೇಸರ್ ಅಂತಾರೆ. ಬೆಟ್ಟದ ಬೆಣಚುಕಲ್ಲಿನ ಗೆರೆಗಳಲ್ಲಿದ್ದ ಚಿನ್ನ ಲಕ್ಷಾಂತರ ವರ್ಷ ಮಳೆಗೆ, ಹಿಮಕ್ಕೆ ಸವೆದು ತೊರೆಗೆ ಇಳಿದಿದೆ. ಚಿನ್ನ ಭಾರ, ನೀರು ಅದನ್ನು ದೂರ ಒಯ್ಯಲಾರದು. ಜಲ್ಲಿಯ ಸಂದಿಯಲ್ಲಿ ಇಳೀತಾ ಇಳೀತಾ ತಳದ ಬಂಡೆಯ ಮೇಲೆ ಕೂತುಬಿಡುತ್ತೆ. ಉತ್ತರ ಅಮೆರಿಕದ ಬಹುಪಾಲು ಜಾಗದಲ್ಲಿ ಹಿಮಯುಗದ ಹಿಮನದಿಗಳು ಬಂದು ಇಂಥ ಜಲ್ಲಿಯನ್ನೆಲ್ಲ ಕೆರೆದು ಚೆಲ್ಲಾಪಿಲ್ಲಿ ಮಾಡಿದವು. ಕ್ಲೋಂಡೈಕ್ ಪ್ರದೇಶಕ್ಕೆ ಹಿಮನದಿ ಬರಲೇ ಇಲ್ಲ. ಅಷ್ಟು ಉತ್ತರದಲ್ಲಿದ್ದೂ ಬರಲಿಲ್ಲ, ಯಾಕೆಂದರೆ ಅಲ್ಲಿ ಹಿಮ ಬೀಳುವಷ್ಟು ತೇವವೇ ಇರಲಿಲ್ಲ. ಅದಕ್ಕೇ ಚಿನ್ನ ಕೂತಲ್ಲೇ ಕೂತಿತ್ತು. ಅದೇ ಕಾರಣಕ್ಕೆ ಅಲ್ಲಿ ಗಣಿಗಾರರಿಗೆ ಹಿಮಯುಗದ ರೋಮದ ಆನೆ ಮ್ಯಾಮತ್‌ನ ಮೂಳೆ ಸಿಗುತ್ತಲೇ ಇರುತ್ತವೆ. 2022ರ ಜೂನ್‌ನಲ್ಲಿ ಯುರೇಕಾ ಕ್ರೀಕ್‌ನಲ್ಲಿ ಚರ್ಮ, ಕೂದಲು ಸಮೇತ ಒಂದು ಮರಿ ಮ್ಯಾಮತ್ ಸಿಕ್ಕಿತು. ಮೂವತ್ತು ಸಾವಿರ ವರ್ಷಕ್ಕೂ ಹಳೆಯದು. ಅದಕ್ಕೆ ಅಲ್ಲಿನ ಮೂಲನಿವಾಸಿ ಹಿರಿಯರು ನುನ್ ಚೋ ಗಾ ಅಂತ ಹೆಸರಿಟ್ಟರು.

ಈಗ ಮುಖ್ಯ ವಿಷಯ. ಚಿನ್ನ ಇರುವ ಜಲ್ಲಿಯ ಮೇಲೆ ಹಲವು ಮೀಟರ್ ದಪ್ಪ ಹೆಪ್ಪುಗಟ್ಟಿದ ಕೆಸರು. ಬೇಸಿಗೆಯಲ್ಲೂ ಕರಗದು. ಗುದ್ದಲಿ ಹಾಕಿದರೆ ಗುದ್ದಲಿಯೇ ಪುಟಿಯುತ್ತೆ. 1897ರ ಚಳಿಗಾಲದಲ್ಲಿ ಏನು ಮಾಡುತ್ತಿದ್ದರು ಅಂದರೆ, ರಾತ್ರಿ ಗುಂಡಿಯಲ್ಲಿ ಸೌದೆ ಉರಿಸೋದು, ಬೆಳಿಗ್ಗೆ ಬೂದಿ ತೆಗೆದು ಕರಗಿದ ಒಂದಿಷ್ಟು ಮಣ್ಣು ಎತ್ತೋದು, ಮತ್ತೆ ಬೆಂಕಿ. ಹೀಗೇ ಬಂಡೆ ಸಿಗುವವರೆಗೆ ಬಾವಿಯ ಹಾಗೆ ಇಳಿದು, ಆಮೇಲೆ ಅಡ್ಡಕ್ಕೆ ತೋಡೋದು. ತೆಗೆದ ಮಣ್ಣನ್ನು ಮೇಲೆ ರಾಶಿ ಹಾಕಿ ವಸಂತಕ್ಕೆ ಕಾಯೋದು. ತೊರೆ ಹರಿಯೋಕೆ ಶುರುವಾದ ಮೇಲೆ ಮರದ ತೊಟ್ಟಿಗಾಲುವೆಯಲ್ಲಿ ಹಾಕಿ ಜಾಲಿಸೋದು. ತಾನು ಸಾಹುಕಾರನೋ ಭಿಕಾರಿಯೋ ಅಂತ ಪೂರ್ತಿ ಗೊತ್ತಾಗುತ್ತಿದ್ದುದು ಆಗಲೇ. ಇಷ್ಟು ಕಷ್ಟದ ಕೆಲಸದಲ್ಲಿ ಒಬ್ಬೊಬ್ಬ ಮನುಷ್ಯ ತೆಗೆಯಬಹುದಾದದ್ದು ಸ್ವಲ್ಪ. ಹಾಗಾಗಿ ಜನ ಹೋದ ಮೇಲೂ ನೆಲದಲ್ಲಿ ಚಿನ್ನ ಬೇಕಾದಷ್ಟು ಉಳಿದಿತ್ತು.

ಅದಕ್ಕೆ ಬಂದದ್ದು ಡ್ರೆಜ್. ತೇಲುವ ಕಾರ್ಖಾನೆ ಅನ್ನಿ. ತನ್ನ ಕೊಳವನ್ನು ತಾನೇ ತೋಡಿಕೊಂಡು, ಮುಂದೆ ಬಕೆಟ್ ಸರಪಳಿಯಿಂದ ಜಲ್ಲಿ ಅಗೆದು ಒಳಗೆ ಜಾಲಿಸಿ, ಹಿಂದೆ ಕಲ್ಲು ಉಗುಳುತ್ತಾ ಕೊಳದ ಜೊತೆಗೇ ಮುಂದೆ ಹೋಗುತ್ತೆ. 1912ರಲ್ಲಿ ಕಟ್ಟಿದ ನಾಲ್ಕನೇ ನಂಬರಿನ ಡ್ರೆಜ್ ಬೊನಾಂಜಾ ಕ್ರೀಕ್ ಪಕ್ಕ ಈಗಲೂ ನಿಂತಿದೆ. ಎಂಟು ಮಹಡಿ ಎತ್ತರ, ಒಡಲು ಮರದ್ದು, ಓಡುತ್ತಿದ್ದುದು ಕರೆಂಟಿನಲ್ಲಿ. 1959ರವರೆಗೆ ಕೆಲಸ ಮಾಡಿತು. ಡ್ರೆಜ್ ಕಂಪನಿ ಪೂರ್ತಿ ನಿಂತದ್ದು 1966ರಲ್ಲಿ. ಉತ್ತರದಿಕ್ಕು ಅವರ ಆರು ದಶಕದ ಲೆಕ್ಕ ಇಲ್ಲಿಗೆ ಸರಿಹೋಯಿತು ಅನ್ಕೋತೀನಿ.

ಮಂಜಣ್ಣ:
ಅಂದರೆ ಬಡವರ ಗುದ್ದಲಿ ಹೋಗಿ ಕಂಪನಿಯ ಯಂತ್ರ ಬಂತು. ಗೊತ್ತಿದ್ದ ಕತೆಯೇ.

ಕಲ್ಲುಮಣ್ಣು:
ಹೌದು. ವಿಮಾನದಿಂದ ನೋಡಿದರೆ ಗೊತ್ತಾಗುತ್ತೆ. ಕ್ಲೋಂಡೈಕ್ ಕಣಿವೆ ತುಂಬಾ ಎರೆಹುಳು ಮಣ್ಣು ಹಿಕ್ಕಿದ ಹಾಗೆ ಡೊಂಕುಡೊಂಕಾದ ಕಲ್ಲಿನ ರಾಶಿಗಳು, ಕಿಲೋಮೀಟರ್‌ಗಟ್ಟಲೆ. ಊರಿಗೆ ಹೋಗುವ ಹೆದ್ದಾರಿಯ ಎರಡೂ ಬದಿ ಅದೇ. ಮೊದಲ ಸಲ ನೋಡಿದವರು ನೈಸರ್ಗಿಕ ದಿಬ್ಬ ಅಂದುಕೊಳ್ಳುತ್ತಾರೆ.

ಹಳೇಪುಟ:
ಎಲ್ಲರೂ ಡ್ರೆಜ್‌ಗೆ ಹೋಗಿಬಿಟ್ಟಿರಿ, ಮೊದಲ ಎರಡು ವರ್ಷವನ್ನು ಹಾಗೆ ದಾಟಿಸಬೇಡಿ. ಊರು ಉಳಿದದ್ದರ ಬೀಜ ಅಲ್ಲೇ ಇದೆ.

1896ರ ಆಗಸ್ಟ್. ರ್‍ಯಾಬಿಟ್ ಕ್ರೀಕ್ ಅನ್ನೋ ಸಣ್ಣ ತೊರೆಯಲ್ಲಿ ಚಿನ್ನ ಕಂಡವರು ಜಾರ್ಜ್ ಕಾರ್ಮ್ಯಾಕ್, ಅವನ ಹೆಂಡತಿ ಕೇಟ್, ಅವಳ ಅಣ್ಣ ಸ್ಕೂಕಂ ಜಿಮ್, ಸೋದರಳಿಯ ಡಾಸನ್ ಚಾರ್ಲಿ. ಕಾರ್ಮ್ಯಾಕ್ ಒಬ್ಬ ಬಿಳಿಯ, ಉಳಿದವರು ಟ್ಯಾಗಿಶ್ ಮೂಲನಿವಾಸಿಗಳು. ಮೊದಲು ಕಂಡವರು ಯಾರು ಅಂತ ಇವತ್ತಿಗೂ ಜಗಳ ಇದೆ, ಸ್ಕೂಕಂ ಜಿಮ್ ಅಂತಲೇ ಜಾಸ್ತಿ ಜನ ಹೇಳುತ್ತಾರೆ. ಮೊದಲು ಕಂಡುಹಿಡಿದವನಿಗೆ ಎರಡು ಕ್ಲೇಮ್ (ಚಿನ್ನ ತೆಗೆಯೋಕೆ ಗೂಟ ಹೊಡೆದು ಬರೆಸಿಕೊಳ್ಳುವ ತುಂಡು ನೆಲ), ಉಳಿದವರಿಗೆ ಒಂದೊಂದು ಅನ್ನೋದು ಕಾನೂನು. ಆ ಎರಡು ಕ್ಲೇಮ್ ಬರೆಸಿಕೊಂಡವನು ಕಾರ್ಮ್ಯಾಕ್. ಕೇಟ್ ಹೆಸರಲ್ಲಿ ಏನೂ ಇಲ್ಲ. ಆಮೇಲೆ ಅವಳನ್ನು ಬಿಟ್ಟು ಅವನು ಬೇರೆ ಮದುವೆಯಾದ. ಕೆನಡಾದ ಗಣಿಗಾರಿಕೆ ಗೌರವ ಪಟ್ಟಿಗೆ ಆ ಗಂಡಸರು 1999ರಲ್ಲೇ ಸೇರಿದರು, ಕೇಟ್ ಸೇರಿದ್ದು 2019ರಲ್ಲಿ.

ರ್‍ಯಾಬಿಟ್ ಕ್ರೀಕ್ ಬೊನಾಂಜಾ ಕ್ರೀಕ್ ಆಯಿತು. ಹತ್ತಿರದಲ್ಲಿ ಇದ್ದವರೇ ಕೆಲವೇ ವಾರಗಳಲ್ಲಿ ಒಳ್ಳೆ ಜಾಗ ಎಲ್ಲಾ ಗೂಟ ಹೊಡೆದು ಮುಗಿಸಿದರು. ಹೊರಗಿನ ಜಗತ್ತಿಗೆ ಗೊತ್ತಾಗಿದ್ದು 1897ರ ಜುಲೈನಲ್ಲಿ, ಎರಡು ಹಡಗು ಚಿನ್ನ ಹೊತ್ತು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸಿಯಾಟಲ್ ತಲುಪಿದಾಗ. ಸುಮಾರು ಒಂದು ಲಕ್ಷ ಜನ ಹೊರಟರು. ಚಿಲ್ಕೂಟ್ ಘಾಟಿ ಹತ್ತಿ ಗಡಿ ದಾಟಬೇಕಾದರೆ ಒಂದು ವರ್ಷಕ್ಕಾಗುವ ಆಹಾರ, ಸಾಮಾನು ಇರಬೇಕು ಅಂತ ಪೊಲೀಸರ ಕಟ್ಟುನಿಟ್ಟು. ಎಲ್ಲಾ ಸೇರಿ ಸುಮಾರು ಒಂದು ಟನ್. ಅದನ್ನು ಬೆನ್ನ ಮೇಲೆ ಹೊತ್ತು, ಇಳಿದು, ಮತ್ತೆ ಹೊತ್ತು, ಒಬ್ಬೊಬ್ಬ ಹತ್ತಾರು ಸಲ ಅದೇ ಬೆಟ್ಟ ಹತ್ತಿದ. ಈ ನಿಯಮ ಕ್ರೂರ ಅನ್ನಿಸಬಹುದು, ಆದರೆ 1897ರ ಚಳಿಗಾಲ ಶುರುವಾಗುವ ಹೊತ್ತಿಗೆ ಡಾಸನ್‌ನಲ್ಲಿ ಆಹಾರ ಸಾಲದೆ ಜನರನ್ನು ನದಿಯಲ್ಲಿ ಕೆಳಕ್ಕೆ ಕಳಿಸಬೇಕಾಗಿ ಬಂದಿತ್ತು. ನನ್ನ ಪ್ರಕಾರ ಸಾವಿರಾರು ಜೀವ ಉಳಿಸಿದ ನಿಯಮ ಅದು.

ಆಮೇಲೆ ಬೆನೆಟ್ ಸರೋವರದ ದಡದಲ್ಲಿ ಮರ ಕಡಿದು ದೋಣಿ ಕಟ್ಟಿಕೊಂಡು ಕಾದು, 1898ರ ಮೇ ಕೊನೆಗೆ ಸರೋವರದ ಮಂಜುಗಡ್ಡೆ ಒಡೆದ ಕೂಡಲೇ ಸುಮಾರು 7,000 ದೋಣಿ ಒಟ್ಟಿಗೆ ಹೊರಟವು. ಡಾಸನ್‌ಗೆ ಬಂದು ಇಳಿದಾಗ ಗೊತ್ತಾಯಿತು, ಗೂಟ ಹೊಡೆಯೋಕೆ ಒಂದಡಿ ಒಳ್ಳೆ ಜಾಗ ಉಳಿದಿಲ್ಲ.

ಹಾಗಾದರೆ ದುಡ್ಡು ಮಾಡಿದ್ದು ಯಾರು? ಜೋಸೆಫ್ ಲಾಡು ಅನ್ನೋ ವ್ಯಾಪಾರಿ. ಚಿನ್ನ ಸಿಕ್ಕ ಸುದ್ದಿ ಕೇಳಿದ ಕೂಡಲೇ ಅವನು ತೊರೆಗೆ ಹೋಗಲಿಲ್ಲ. ನದಿ ಸೇರುವ ಜಾಗದ ಜೌಗು ಬಯಲನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ಮರ ಕುಯ್ಯುವ ಮಿಲ್ಲನ್ನು ತಂದು ನಿಲ್ಲಿಸಿದ. ಸೈಟು ಮಾರಿದ, ಹಲಗೆ ಮಾರಿದ. ಊರಿಗೆ ಭೂವಿಜ್ಞಾನಿ ಜಾರ್ಜ್ ಡಾಸನ್ ಹೆಸರಿಟ್ಟ. ಇನ್ನೊಬ್ಬಳು ಬೆಲಿಂಡಾ ಮುಲ್ರೂನಿ. ಬಿಸಿನೀರು ತುಂಬುವ ರಬ್ಬರ್ ಚೀಲ, ಬಟ್ಟೆ ತಂದು ಹಲವು ಪಟ್ಟು ಲಾಭಕ್ಕೆ ಮಾರಿ, ಆ ದುಡ್ಡಿನಲ್ಲಿ ಊಟದ ಹೋಟೆಲ್, ಆಮೇಲೆ ತೊರೆಗಳು ಸೇರುವಲ್ಲಿ ಒಂದು ವಸತಿಗೃಹ, ಆಮೇಲೆ ಊರಿನಲ್ಲೇ ದೊಡ್ಡದಾದ ಫೇರ್‌ವ್ಯೂ ಹೋಟೆಲ್. ಇವರೆಲ್ಲ ಗಣಿ ಊರನ್ನಲ್ಲ, ಪೇಟೆಯನ್ನು ಕಟ್ಟಿದರು. ಬ್ಯಾಂಕು, ಆಸ್ಪತ್ರೆ, ಕೋರ್ಟು, ಹಡಗುಕಟ್ಟೆ. 1898ರ ಜೂನ್‌ನಲ್ಲಿ ಯುಕಾನ್ ಪ್ರತ್ಯೇಕ ಟೆರಿಟರಿ ಆದಾಗ ರಾಜಧಾನಿ ಡಾಸನ್. ನನ್ನ ಉತ್ತರ ಇದು. ಊರನ್ನು ಉಳಿಸಿದ್ದು ಸರ್ಕಾರಿ ಕಚೇರಿ ಮತ್ತು ಪೇಟೆ.

ನದಿಯಾಚೆ:
ಹಳೇಪುಟ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ "ಜೌಗು ಬಯಲನ್ನು ತನ್ನ ಹೆಸರಿಗೆ ಮಾಡಿಸಿಕೊಂಡ" ಅನ್ನೋ ವಾಕ್ಯ ಓದಿ ನಿಂತೆ. ಅದಕ್ಕೆ ಮೊದಲು ಅದು ಯಾರ ನೆಲ ಆಗಿತ್ತು?

ಎರಡು ನದಿ ಸೇರುವ ಮೂಲೆಯಲ್ಲಿ ಟ್ರೊಚೆಕ್ ಅನ್ನೋ ಮೀನುಗಾರಿಕೆ ನೆಲೆ ಇತ್ತು. ಹಾನ್ ಭಾಷೆಯ ಟ್ರೊಂಡೆಕ್ ಹ್ವೆಚಿನ್ ಜನರದ್ದು. ಕ್ಲೋಂಡೈಕ್ ನದಿಯ ತಳಕ್ಕೆ ಗೂಟ ಹೊಡೆದು ಬೇಲಿ ಕಟ್ಟಿ ಸಾಲ್ಮನ್ ಹಿಡಿಯುತ್ತಿದ್ದರು. ತಲೆತಲಾಂತರದಿಂದ. ಒಂದು ಬೇಸಿಗೆಯಲ್ಲಿ ಸಾವಿರಾರು ಜನ ಬಂದು ಮರ ಕಡಿದು, ನೀರು ಕದಡಿ, ಬೇಟೆ ಪ್ರಾಣಿ ಓಡಿಸಿ, ರೋಗ ತಂದರು. ಅವರ ನಾಯಕ ಚೀಫ್ ಐಸಾಕ್ ತನ್ನ ಜನರನ್ನು ಕರೆದುಕೊಂಡು ನದಿಯ ಕೆಳಗೆ ಕೆಲವು ಕಿಲೋಮೀಟರ್ ದೂರದ ಮೂಸ್‌ಹೈಡ್‌ಗೆ ಹೋದ. ಮೀನಿನ ನೆಲೆ ಇದ್ದ ಜಾಗದಲ್ಲಿ ಬಂದವರು ಇನ್ನೊಂದು ಪೇಟೆ ಕಟ್ಟಿಕೊಂಡರು. ಐಸಾಕ್ ಮಾಡಿದ ದೂರದ ಆಲೋಚನೆ ಇನ್ನೊಂದಿದೆ. ತಮ್ಮ ಹಾಡು, ಕುಣಿತ ಈ ಗದ್ದಲದಲ್ಲಿ ಅಳಿಸಿಹೋಗುತ್ತೆ ಅಂತ ಅಲಾಸ್ಕಾ ಕಡೆಯ ನೆಂಟರಿಗೆ ಅವನ್ನು ಒಪ್ಪಿಸಿದ, ಇಟ್ಟುಕೊಂಡಿರಿ ಅಂತ. ತಲೆಮಾರುಗಳ ನಂತರ ಮೊಮ್ಮಕ್ಕಳು ಹೋಗಿ ಕಲಿತು ವಾಪಸ್ ತಂದರು. ಈಗ ಎರಡು ವರ್ಷಕ್ಕೊಮ್ಮೆ ಮೂಸ್‌ಹೈಡ್‌ನಲ್ಲಿ ದೊಡ್ಡ ಸಭೆ ನಡೆಯುತ್ತೆ, ಅಲ್ಲಿ ಆ ಹಾಡು ಕೇಳಬಹುದು.

1998ರಲ್ಲಿ ಅವರು ಸರ್ಕಾರದ ಜೊತೆ ಅಂತಿಮ ಒಪ್ಪಂದ ಮಾಡಿಕೊಂಡರು, ಸ್ವಂತ ಆಡಳಿತ ಬಂತು. ಇವತ್ತು ಡಾಸನ್‌ನಲ್ಲಿ ಕೆಲಸ ಕೊಡುವ ದೊಡ್ಡ ಸಂಸ್ಥೆಗಳಲ್ಲಿ ಅವರ ಸರ್ಕಾರವೂ ಒಂದು. 2023ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು, ಟ್ರೊಂಡೆಕ್-ಕ್ಲೋಂಡೈಕ್ ಹೆಸರಲ್ಲಿ. ಸೇರಿಸಿದ ಕಾರಣ ನೋಡಿ. ಚಿನ್ನದ ಸಾಹಸ ಅಂತ ಅಲ್ಲ. ಹೊರಗಿನವರು ಬಂದು ಕೂತಾಗ ಅಲ್ಲಿದ್ದ ಜನ ಅದನ್ನು ಹೇಗೆ ಎದುರಿಸಿ, ಹೇಗೆ ಹೊಂದಿಕೊಂಡರು ಅನ್ನೋದಕ್ಕೆ ಸಾಕ್ಷಿಯಾಗಿ.

ನೀವು "ಊರು ಯಾಕೆ ಉಳೀತು" ಅಂತ ಕೇಳಿದಿರಿ. ಬಿಟ್ಟು ಹೋಗೋಕೆ ಬೇರೆ ಊರು ಇಲ್ಲದವರು ಅಲ್ಲಿ ಮೊದಲಿಂದಲೂ ಇದ್ದರು ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಳೇಪುಟ:
ಒಪ್ಪಿದೆ. ಆದರೂ ಒಂದು ಮಾತು. ಮೂಸ್‌ಹೈಡ್ ಹಳ್ಳಿಯಾಗಿ ಉಳಿಯೋದಕ್ಕೂ ಡಾಸನ್ ಪಟ್ಟಣವಾಗಿ ಉಳಿಯೋದಕ್ಕೂ ವ್ಯತ್ಯಾಸ ಇದೆ ಮೇಡಂ. ಅಂಚೆ, ಆಸ್ಪತ್ರೆ, ಶಾಲೆ ಎಲ್ಲಾ ರಾಜಧಾನಿ ಅನ್ನೋ ಕಾರಣಕ್ಕೆ ಇತ್ತು.

ನದಿಯಾಚೆ:
ರಾಜಧಾನಿ 1953ರಲ್ಲಿ ವೈಟ್‌ಹಾರ್ಸ್‌ಗೆ ಹೋಯಿತು. ಹಾಗಾದರೆ ಆಗಲೇ ಊರು ಮುಗಿಯಬೇಕಿತ್ತಲ್ಲ?

ಉತ್ತರದಿಕ್ಕು:
ಇದು ಒಳ್ಳೆ ಪ್ರಶ್ನೆ. ಮುಗಿಯುವ ಹತ್ತಿರಕ್ಕೆ ಬಂದಿತ್ತು ಅನ್ನಬಹುದು. ಏಟಿನ ಮೇಲೆ ಏಟು. 1899ರಲ್ಲಿ ಅಲಾಸ್ಕಾದ ನೋಮ್ ಕಡಲತೀರದಲ್ಲಿ ಚಿನ್ನ ಸಿಕ್ಕಿದ ಸುದ್ದಿಗೆ ಸಾವಿರಾರು ಜನ ರಾತ್ರೋರಾತ್ರಿ ಹಡಗು ಹತ್ತಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಪೇಟೆಯ ನೂರಕ್ಕೂ ಹೆಚ್ಚು ಕಟ್ಟಡ ಸುಟ್ಟುಹೋಗಿದ್ದವು, ಪೈಪಿನ ನೀರು ಬೆಂಕಿಗೆ ಬೀಳುವ ಮೊದಲೇ ಗಟ್ಟಿಯಾಯಿತು. 1902ರಲ್ಲಿ ಅಧಿಕೃತವಾಗಿ ನಗರ ಅನ್ನಿಸಿಕೊಂಡಾಗ ಐದು ಸಾವಿರ ಜನ ಇದ್ದರೆ ಹೆಚ್ಚು. ಮೊದಲು ವೈಟ್‌ಹಾರ್ಸ್‌ಗೆ ರೈಲು ಬಂತು, ಆಮೇಲೆ ಎರಡನೇ ಮಹಾಯುದ್ಧದಲ್ಲಿ ಅಲಾಸ್ಕಾ ಹೆದ್ದಾರಿ ಬಂತು. ಡಾಸನ್‌ಗೆ ಎರಡೂ ಬರಲಿಲ್ಲ. ಚಕ್ರದ ಹಬೆಹಡಗುಗಳ ಮೇಲೇ ಬದುಕಿದ್ದ ಊರು ಅದು. ರಸ್ತೆ ಬಂದ ಮೇಲೆ ಹಡಗುಗಳು ನಿಂತವು. ಕೀನೋ ಅನ್ನೋ ಹಡಗು 1960ರಲ್ಲಿ ಕೊನೆಯ ಸಲ ಬಂದು ದಡಕ್ಕೆ ಹತ್ತಿ ಅಲ್ಲೇ ನಿಂತಿದೆ, ಈಗ ಮ್ಯೂಸಿಯಂ ಥರ.

ಬಡತನದಿಂದ ಒಂದು ಲಾಭ ಆಯಿತು. ಹಳೇ ಕಟ್ಟಡ ಕೆಡವಿ ಹೊಸದು ಕಟ್ಟೋಕೆ ಯಾರ ಹತ್ತಿರವೂ ದುಡ್ಡಿರಲಿಲ್ಲ. ಅದಕ್ಕೇ 1960ರ ದಶಕದಲ್ಲಿ ಕೇಂದ್ರ ಸರ್ಕಾರ ಪರಂಪರೆ ಅಂತ ನೋಡೋಕೆ ಬಂದಾಗ ಎಲ್ಲಾ ಹಾಗೇ ಇತ್ತು, ವಾಲಿಕೊಂಡು.

ಗಾರೆಮೇಸ್ತ್ರಿ:
ವಾಲಿಕೊಂಡು ಅಂದಿರಲ್ಲ, ಅದೇ ನನ್ನ ವಿಷಯ. ಡಾಸನ್‌ನ ಥರ್ಡ್ ಅವೆನ್ಯೂದಲ್ಲಿ ಪಕ್ಕಪಕ್ಕದ ಎರಡು ಮರದ ಕಟ್ಟಡಗಳಿವೆ, ಒಂದರ ಭುಜಕ್ಕೆ ಒಂದು ಒರಗಿ ನಿಂತಿವೆ. ಮುತ್ತಿಡುವ ಮನೆಗಳು ಅಂತ ಜನ ಫೋಟೊ ತೆಗೆಯುತ್ತಾರೆ. ಕಟ್ಟಡದ ಕೆಲಸ ಗೊತ್ತಿದ್ದವರಿಗೆ ಅದು ನಗೋ ವಿಷಯ ಅಲ್ಲ.

ಊರಿನ ಕೆಳಗಿನ ನೆಲ ಪರ್ಮಾಫ್ರಾಸ್ಟ್, ಸದಾ ಹೆಪ್ಪುಗಟ್ಟಿರೋ ಮಣ್ಣು, ಒಳಗೆ ಮಂಜುಗಡ್ಡೆಯ ಪದರ ಬೇರೆ. ಮನೆಯನ್ನು ನೇರ ನೆಲದ ಮೇಲೆ ಕೂರಿಸಿ ಒಳಗೆ ಒಲೆ ಹಚ್ಚಿದರೆ ಶಾಖ ಕೆಳಗೆ ಇಳಿದು ಮಣ್ಣು ಕರಗುತ್ತೆ. ಎಲ್ಲಾ ಕಡೆ ಒಂದೇ ಸಮ ಕರಗಲ್ಲ. ಒಂದು ಮೂಲೆ ಇಳಿಯುತ್ತೆ, ಬಾಗಿಲು ಮುಚ್ಚಲ್ಲ, ಗೋಡೆ ತಿರುಚುತ್ತೆ. ನಮ್ಮಲ್ಲಿ ಪಾಯ ಅಂದರೆ ಎಷ್ಟು ಆಳ ಹೋದರೆ ಅಷ್ಟು ಒಳ್ಳೆಯದು. ಅಲ್ಲಿ ಬುದ್ಧಿವಂತಿಕೆ ಅಂದರೆ ನೆಲವನ್ನು ಮುಟ್ಟದೇ ಇರೋದು. ದಪ್ಪಗೆ ಜಲ್ಲಿ ಹಾಸಿ, ಅದರ ಮೇಲೆ ಮರದ ದಿಮ್ಮಿಗಳ ಅಟ್ಟೆ ಇಟ್ಟು, ಮನೆಯನ್ನು ಎತ್ತರಿಸಿ ಕೂರಿಸುತ್ತಾರೆ. ಕೆಳಗೆ ತಣ್ಣನೆ ಗಾಳಿ ಆಡಬೇಕು. ಮನೆ ಅಲುಗಾಡಿದರೆ ಜಾಕ್ ಹಾಕಿ ಎತ್ತಿ ಮಟ್ಟ ಸರಿಮಾಡುತ್ತಾರೆ. ಅದು ಅಲ್ಲಿ ಮಾಮೂಲಿ ರಿಪೇರಿ ಕೆಲಸ.

ರಸ್ತೆಗಳೂ ಅದಕ್ಕೇ ಹೆಚ್ಚಿನವು ಮಣ್ಣಿನವೇ, ಪಕ್ಕದಲ್ಲಿ ಹಲಗೆಯ ಕಾಲುದಾರಿ. ನೋಡೋಕೆ ಹಳೇ ಕಾಲದ ಸೆಟ್ ಥರ ಕಾಣುತ್ತೆ, ಆದರೆ ನೆಲ ಏಳುಬೀಳು ಆಗ್ತಿದ್ದರೆ ಹಲಗೆಯೇ ವಾಸಿ, ಕಿತ್ತು ಮತ್ತೆ ಜೋಡಿಸಬಹುದು. ನೀರಿನ ಪೈಪು ಇನ್ನೊಂದು ತಲೆನೋವು. ಚಳಿಗಾಲದಲ್ಲಿ ನೀರು ನಿಂತರೆ ಪೈಪ್ ಒಡೆಯುತ್ತೆ. ಹಾಗಾಗಿ ನೀರನ್ನು ಬೆಚ್ಚಗೆ ಮಾಡಿ ಬಿಡುತ್ತಾರೆ, ಜೊತೆಗೆ ಮನೆಮನೆಯಲ್ಲೂ ಸ್ವಲ್ಪ ಸದಾ ಹರಿದುಹೋಗುವ ಹಾಗೆ ಬಿಟ್ಟಿರುತ್ತಾರೆ. ನೀರು ಪೋಲು ಅಂತ ಬೈಯೋರಿಗೆ ಮೈನಸ್ ನಲವತ್ತರ ಚಳಿ ಗೊತ್ತಿಲ್ಲ.

ಮಂಜಣ್ಣ:
ಮೇಸ್ತ್ರಿಗಳೇ, ಅಂಥ ನೆಲದ ಮೇಲೆ ಊರು ಕಟ್ಟಿದವನಿಗೆ ಸೈಟು ಮಾರಿ ಓಡಿಹೋಗುವ ಯೋಚನೆ ಮಾತ್ರ ಇತ್ತು ಅನ್ಸುತ್ತೆ.

ಗಾರೆಮೇಸ್ತ್ರಿ:
ಲಾಡುಗೆ? ಇರಬಹುದು. ಆದರೆ ಬೇರೆ ಸಮತಟ್ಟು ಜಾಗ ಎಲ್ಲಿತ್ತು, ಹೇಳಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನದಿ.

ಅದೇ ನೆಲ ಒಂದು ಉಪಕಾರವನ್ನೂ ಮಾಡಿದೆ. 1978ರಲ್ಲಿ ಹೊಸ ಕ್ರೀಡಾಕೇಂದ್ರ ಕಟ್ಟೋಕೆ ಜೆಸಿಬಿ ಥರದ ಯಂತ್ರ ಅಗೆಯುವಾಗ ಸಿನಿಮಾ ರೀಲುಗಳು ಮೇಲೆ ಬಂದವು. ಮೂಕಿ ಸಿನಿಮಾಗಳು, ಒಟ್ಟು 533 ರೀಲು. ಆಗಿನ ಕಾಲಕ್ಕೆ ಸಿನಿಮಾ ಸುತ್ತಾಡಿ ಸುತ್ತಾಡಿ ಕೊನೆಗೆ ಬರುತ್ತಿದ್ದ ಊರು ಡಾಸನ್. ಸಾಗಿಸುವ ಖರ್ಚು ಜಾಸ್ತಿ ಅಂತ ಕಂಪನಿಗಳು ವಾಪಸ್ ಕೇಳುತ್ತಿರಲಿಲ್ಲ. ರಾಶಿ ಬಿದ್ದವು. ನೈಟ್ರೇಟ್ ಫಿಲ್ಮು, ಬೇಗ ಬೆಂಕಿ ಹಿಡಿಯುತ್ತೆ. 1929ರಲ್ಲಿ ಹಳೇ ಈಜುಕೊಳ ಮುಚ್ಚುವಾಗ ತುಂಬಲು ಅವನ್ನೇ ಸುರಿದರು. ಬೇರೆ ಎಲ್ಲೂ ಉಳಿಯದೆ ನಾಶವಾದ ಎಷ್ಟೋ ಚಿತ್ರಗಳ ತುಣುಕು ಆ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಉಳಿದಿದ್ದವು.

ನದಿಯಾಚೆ:
ನದಿಯನ್ನು ಯಾರೂ ಹಿಡಿದೇ ಇಲ್ಲ! ಆ ಊರಿನ ಕ್ಯಾಲೆಂಡರ್ ನದಿಯೇ.

ಯುಕಾನ್ ನದಿ ಅಕ್ಟೋಬರ್ ಹೊತ್ತಿಗೆ ಮಂಜುಗಡ್ಡೆ ಹೊರಲು ಶುರುಮಾಡುತ್ತೆ, ಮೇ ತಿಂಗಳಲ್ಲಿ ಒಡೆಯುತ್ತೆ. ಒಡೆಯುವ ನಿಮಿಷದ ಮೇಲೆ ಪಂದ್ಯ ಕಟ್ಟುತ್ತಾರೆ, ಅದೂ 1896ರಿಂದ. ನದಿಯ ಮಂಜಿನ ಮೇಲೆ ಮೂರು ಕಾಲಿನ ಒಂದು ಚೌಕಟ್ಟು ನಿಲ್ಲಿಸಿ ತಂತಿ ಎಳೆದು ದಡದ ಗಡಿಯಾರಕ್ಕೆ ಕಟ್ಟಿರುತ್ತಾರೆ. ಮಂಜು ಜರುಗಿದರೆ ತಂತಿ ಎಳೆದು ಗಡಿಯಾರ ನಿಲ್ಲುತ್ತೆ. ಆಟಕ್ಕೆ ಅಂತ ಶುರುವಾದದ್ದು ಈಗ ವಿಜ್ಞಾನಿಗಳಿಗೆ ನೂರಕ್ಕೂ ಹೆಚ್ಚು ವರ್ಷದ ದಾಖಲೆ. ಮಂಜು ಮೊದಲಿಗಿಂತ ಬೇಗ ಒಡೆಯುತ್ತಿದೆ ಅನ್ನೋದು ಅದರಲ್ಲೇ ಕಾಣುತ್ತೆ.

ಒಡೆದ ಮಂಜು ಸುಮ್ನೆ ಹರಿದು ಹೋದರೆ ಸರಿ. 1979ರ ಮೇ ತಿಂಗಳಲ್ಲಿ ಕೆಳಗೆಲ್ಲೋ ಸಿಕ್ಕಿಹಾಕಿಕೊಂಡು ಅಣೆಕಟ್ಟಿನ ಹಾಗೆ ನಿಂತಿತು. ರಾತ್ರಿಯಲ್ಲಿ ನೀರು ಊರಿಗೆ ನುಗ್ಗಿತು. ಮನೆಗಳು ಜಾಗ ಬಿಟ್ಟು ತೇಲಿದವು. ಈಗ ನದಿಯ ಉದ್ದಕ್ಕೂ ಎತ್ತರದ ಮಣ್ಣಿನ ಏರಿ ಇದೆ. ಅದರ ಮೇಲೆ ಜನ ಸಂಜೆ ವಾಕಿಂಗ್ ಮಾಡುತ್ತಾರೆ. ಆದರೆ ಬೀದಿಯಲ್ಲಿ ನಿಂತರೆ ನದಿ ಕಾಣಲ್ಲ, ಏರಿ ಅಡ್ಡ.

ಸೇತುವೆ ಇಲ್ಲ ಅನ್ನೋದು ಹೊಸಬರಿಗೆ ಆಶ್ಚರ್ಯ. ಆಚೆ ದಡದಿಂದ ಅಲಾಸ್ಕಾಕ್ಕೆ ಹೆದ್ದಾರಿ ಹೋಗುತ್ತೆ, ಅಲ್ಲಿ ವೆಸ್ಟ್ ಡಾಸನ್ ಅಂತ ಜನವಸತಿಯೂ ಇದೆ, ಊರಿನ ಕರೆಂಟು ಇಲ್ಲ, ನೀರಿನ ಪೈಪ್ ಇಲ್ಲ. ಬೇಸಿಗೆಯಲ್ಲಿ ಜಾರ್ಜ್ ಬ್ಲ್ಯಾಕ್ ಅನ್ನೋ ಫೆರಿ ಓಡುತ್ತೆ, ದುಡ್ಡಿಲ್ಲ. ಚಳಿಗಾಲದಲ್ಲಿ ಗಟ್ಟಿಯಾದ ನದಿಯೇ ರಸ್ತೆ. ನಡುವೆ ಶರತ್ಕಾಲ, ವಸಂತದಲ್ಲಿ ಕೆಲವು ವಾರ ಎರಡೂ ಇಲ್ಲ. ಆಚೆಯವರು ಮೊದಲೇ ದಿನಸಿ ತುಂಬಿಕೊಂಡಿರಬೇಕು. ಇತ್ತೀಚಿನ ಕೆಲವು ಚಳಿಗಾಲಗಳಲ್ಲಿ ಫೆರಿ ಜಾಗದ ಹತ್ತಿರ ನದಿ ಪೂರ್ತಿ ಹೆಪ್ಪುಗಟ್ಟಲೇ ಇಲ್ಲ. ಸರ್ಕಾರದವರು ನೀರು ಚಿಮ್ಮಿಸಿ ಮಂಜು ಬೆಳೆಸೋಕೆ ಹೋಗಿ ಅದೂ ಕೈಗೂಡಲಿಲ್ಲ.

ಸಾಲ್ಮನ್ ಕತೆ ಇನ್ನೂ ಬೇಜಾರು. ಯುಕಾನ್ ನದಿಯ ಚಿನೂಕ್ ಸಾಲ್ಮನ್ ಎಷ್ಟು ಕಡಿಮೆಯಾಗಿದೆ ಅಂದರೆ 2024ರಲ್ಲಿ ಕೆನಡಾ ಮತ್ತು ಅಲಾಸ್ಕಾ ಕಡೆಯವರು ಸೇರಿ ಏಳು ವರ್ಷ ಅದನ್ನು ಹಿಡಿಯೋದು ಬೇಡ ಅಂತ ಒಪ್ಪಂದ ಮಾಡಿಕೊಂಡರು. ಟ್ರೊಚೆಕ್‌ನ ಮೊಮ್ಮಕ್ಕಳಿಗೆ ಈಗ ಮೀನು ಹಿಡಿಯೋದನ್ನು ಕಲಿಸೋಕೆ ಮೀನೇ ಇಲ್ಲ.

ಹಳೇಪುಟ:
ಒಂದು ಹಗುರ ವಿಷಯ ಹೇಳಿಬಿಡ್ತೀನಿ, ತುಂಬಾ ಗಂಭೀರ ಆಯ್ತು. 1904ರ ಕೊನೆಗೆ ಡಾಸನ್‌ನ ಐಸ್ ಹಾಕಿ ತಂಡ ಸ್ಟಾನ್ಲಿ ಕಪ್‌ಗೆ ಸವಾಲು ಹಾಕಿ ಒಟ್ಟಾವಾಕ್ಕೆ ಹೊರಟಿತು. ಡಿಸೆಂಬರ್ ಚಳಿಯಲ್ಲಿ ವೈಟ್‌ಹಾರ್ಸ್‌ವರೆಗೆ ನಾಯಿಬಂಡಿ, ಸೈಕಲ್, ಕಾಲ್ನಡಿಗೆ. ಆಮೇಲೆ ರೈಲು, ಹಡಗು, ಮತ್ತೆ ರೈಲು. ಹೋಗಿ ಇಳಿದು ಸರಿಯಾಗಿ ಸುಧಾರಿಸಿಕೊಳ್ಳೋ ಮೊದಲೇ ಪಂದ್ಯ. ಮೊದಲನೆಯದು 9-2, ಎರಡನೆಯದು 23-2. ಎರಡನೆಯದರಲ್ಲಿ ಎದುರಿನ ತಂಡದ ಫ್ರ್ಯಾಂಕ್ ಮೆಕ್‌ಗೀ ಒಬ್ಬನೇ 14 ಗೋಲು. ಚಿನ್ನದ ಹುಚ್ಚು ಮುಗಿದು ಐದಾರು ವರ್ಷ ಆದ ಮೇಲೆ, ಅಷ್ಟು ಕುಗ್ಗಿದ ಊರಿನಿಂದ ಇಂಥ ಮೊಂಡುತನ. ನನಗೆ ಇದು ಚಿನ್ನದ ಕತೆಗಿಂತ ಇಷ್ಟ.

ಮಂಜಣ್ಣ:
23-2! ವಾಪಸ್ ಬರೋ ದಾರಿ ಇನ್ನೂ ಉದ್ದ ಅನ್ನಿಸಿರಬೇಕು.

ಸರಿ, ಒಪ್ಪಿದೆ, ಅರವತ್ತು ವರ್ಷ ಡ್ರೆಜ್, ಆಮೇಲೆ ಟೂರಿಸಂ. ನನ್ನ ಮಾತು ಅರ್ಧ ಸರಿ ಇದೆ ತಾನೇ? ಈಗಂತೂ ಪ್ರದರ್ಶನದ ಊರೇ.

ಉತ್ತರದಿಕ್ಕು:
ಅರ್ಧವೂ ಕೊಡಲ್ಲ, ಕಾಲು ಭಾಗ ಕೊಡ್ತೀನಿ. ನೀವು ಹೇಳಿದ ಲಂಗದ ಕುಣಿತ ನಡೆಯೋದು ಡೈಮಂಡ್ ಟೂತ್ ಗರ್ಟೀಸ್ ಅನ್ನೋ ಜೂಜುಕೇಂದ್ರದಲ್ಲಿ. 1971ರಲ್ಲಿ ಶುರುವಾದದ್ದು, ಕೆನಡಾದಲ್ಲೇ ಮೊದಲ ಕಾನೂನುಬದ್ಧ ಕ್ಯಾಸಿನೊ. ಅದನ್ನು ನಡೆಸೋದು ಲಾಭಕ್ಕಲ್ಲದ ಒಂದು ಸಂಘ, ಬಂದ ದುಡ್ಡು ಊರಿನ ಕೆಲಸಕ್ಕೇ ಹೋಗುತ್ತೆ. ಬೇರೆ ಕಡೆ ಕ್ಯಾಸಿನೊ ಮಾಲೀಕ ಸಾಹುಕಾರ ಆಗ್ತಾನೆ. ಇಲ್ಲಿ ಟೂರಿಸ್ಟ್ ಸೋತ ದುಡ್ಡಲ್ಲಿ ಊರು ನಡೀತದೆ. ಇದಕ್ಕೆ ಸರ್ಕಸ್ ಅನ್ನೋದಾದರೆ ನಮಗೂ ಒಂದು ಕೊಡಿಸಿ.

ಎರಡನೆಯದು, ಚಿನ್ನ ತೆಗೆಯೋದು ನಿಂತೇ ಇಲ್ಲ. ಯುಕಾನ್‌ನ ಪ್ಲೇಸರ್ ಗಣಿಗಳಲ್ಲಿ ಬಹುಪಾಲು ಡಾಸನ್ ಸುತ್ತಲೇ ಇವೆ. ದೊಡ್ಡ ಕಂಪನಿಗಳಲ್ಲ. ಹೆಚ್ಚಿನವು ಮನೆಮಂದಿ ಸೇರಿ ನಡೆಸೋ ಗಣಿಗಳು, ಅಪ್ಪ ಬುಲ್ಡೋಜರ್, ಮಗ ಎಕ್ಸ್‌ಕವೇಟರ್, ಮಗಳು ಜಾಲಿಸೋ ಯಂತ್ರ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕೆಲಸ. ಡಾಸನ್‌ನ ಹಾರ್ಡ್‌ವೇರ್ ಅಂಗಡಿ, ವೆಲ್ಡಿಂಗ್ ಶಾಪು, ಡೀಸೆಲ್ ವ್ಯಾಪಾರ ಇವರ ಮೇಲೇ ನಿಂತಿದೆ.

ಕಲ್ಲುಮಣ್ಣು:
ಅವರು ಸರ್ಕಾರಕ್ಕೆ ಕೊಡೋ ರಾಯಲ್ಟಿ ಗೊತ್ತಾ? ಕಾನೂನಿನಲ್ಲಿ ಬೆಲೆಯ 2.5 ಶೇಕಡಾ ಅಂತಿದೆ. ಆದರೆ ಚಿನ್ನದ ಬೆಲೆ ಔನ್ಸ್‌ಗೆ 15 ಡಾಲರ್ ಅಂತ ಹಿಡಿದು ಲೆಕ್ಕ ಹಾಕಬೇಕು ಅಂತಲೂ ಅದರಲ್ಲೇ ಇದೆ. ನೂರು ವರ್ಷದ ಹಿಂದಿನ ಬೆಲೆ, ಬದಲಾಯಿಸಿಯೇ ಇಲ್ಲ. ಅಂದರೆ ಒಂದು ಔನ್ಸ್‌ಗೆ 37.5 ಸೆಂಟ್. ಮಾರುಕಟ್ಟೆಯಲ್ಲಿ ಅದೇ ಔನ್ಸ್ ಸಾವಿರಾರು ಡಾಲರ್. 1897ರಲ್ಲಿ ಸರ್ಕಾರ 10 ಶೇಕಡಾ ರಾಯಲ್ಟಿ ಹಾಕಿದಾಗ ಗಣಿಗಾರರು ಕೂಗಾಡಿದ್ದರು, ಆ ಲೆಕ್ಕದಲ್ಲಿ ಇವತ್ತಿನವರು ಪುಣ್ಯವಂತರು.

ನದಿಯಾಚೆ:
ಪುಣ್ಯವಂತರು ಅನ್ನೋ ಪದ ಸರಿಯಾಗಿ ಬಳಸಿದಿರಿ! ನೆಲ ಅಗೆದು ತೊರೆ ತಿರುಗಿಸಿದ್ದಕ್ಕೆ 37.5 ಸೆಂಟ್. ಇದನ್ನು ಬದಲಾಯಿಸಬೇಕು ಅಂತ ಅಲ್ಲಿ ವರ್ಷಗಳಿಂದ ಚರ್ಚೆ ಇದೆ.

ಉತ್ತರದಿಕ್ಕು:
ಬದಲಾಗಬೇಕು ಅಂತಲೇ ನನ್ನ ಅಭಿಪ್ರಾಯವೂ. ಆದರೆ ಊರಿನ ನಡುವೆ ನಿಂತು ಅದನ್ನು ಹೇಳೋಕೆ ಧೈರ್ಯ ಬೇಕು, ಅರ್ಧ ಊರು ಆ ಕೆಲಸದಲ್ಲೇ ಇದೆ. ಗಣಿಯವರೂ ಟ್ರೊಂಡೆಕ್ ಹ್ವೆಚಿನ್ ಜನರೂ ಒಂದೇ ಶಾಲೆಗೆ ಮಕ್ಕಳನ್ನು ಕಳಿಸುತ್ತಾರೆ, ಎಷ್ಟೋ ಮನೆಯಲ್ಲಿ ಎರಡೂ ಕಡೆಯವರಿದ್ದಾರೆ. ಆ ಮರಿ ಮ್ಯಾಮತ್ ಸಿಕ್ಕಾಗಲೂ ಕಂಡವರು ಗಣಿಯವರು, ಹೆಸರಿಟ್ಟವರು ಹಿರಿಯರು. ಹೊರಗಿನಿಂದ ನಾವು ಎರಡು ಪಕ್ಷ ಮಾಡಿಬಿಡೋದು ಸುಲಭ.

ಮಂಜಣ್ಣ:
ಕೊನೆಗೊಂದು ಕೇಳ್ತೀನಿ. ಹೋಗೋದಾದರೆ ಯಾವಾಗ ಹೋಗಬೇಕು? ಬೆರಳು ಕುಡಿಯೋಕೆ ಅಲ್ಲ, ಆಣೆ.

ನದಿಯಾಚೆ:
ಜೂನ್‌ನಲ್ಲಿ ಹೋದರೆ ರಾತ್ರಿಯೇ ಆಗಲ್ಲ, ಊರಿನ ಹಿಂದಿನ ಮಿಡ್‌ನೈಟ್ ಡೋಮ್ ಗುಡ್ಡ ಹತ್ತಿದರೆ ಎರಡು ನದಿ ಸೇರುವುದು, ಎರಡರ ನೀರಿನ ಬಣ್ಣ ಬೇರೆ ಇರುವುದು, ಕಲ್ಲಿನ ರಾಶಿಗಳು ಎಲ್ಲಾ ಒಟ್ಟಿಗೆ ಕಾಣುತ್ತೆ. ಆಗಸ್ಟ್ ಮೂರನೇ ವಾರ ಚಿನ್ನ ಸಿಕ್ಕಿದ ದಿನದ ಹಬ್ಬ ಇರುತ್ತೆ, ಆಗ ರೂಮು ಸಿಗೋದು ಕಷ್ಟ. ವೈಟ್‌ಹಾರ್ಸ್‌ನಿಂದ ಕಾರಲ್ಲಿ ಸುಮಾರು 530 ಕಿಲೋಮೀಟರ್, ದಾರಿಯಲ್ಲಿ ಪೆಟ್ರೋಲ್ ಬಂಕ್ ಕಡಿಮೆ, ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳಿ. ಅಲಾಸ್ಕಾ ಕಡೆಯಿಂದ ಗುಡ್ಡದ ನೆತ್ತಿಯ ಹೆದ್ದಾರಿಯಲ್ಲಿ ಬರೋ ಯೋಚನೆ ಇದ್ದರೆ ಬೇಸಿಗೆಯಲ್ಲಿ ಮಾತ್ರ, ಚಳಿಗಾಲದಲ್ಲಿ ಅದು ಬಂದ್. ಮತ್ತೆ ಟ್ರೊಂಡೆಕ್ ಹ್ವೆಚಿನ್ ಅವರ ಸಾಂಸ್ಕೃತಿಕ ಕೇಂದ್ರ ನದಿ ದಡದಲ್ಲೇ ಇದೆ, ಡ್ರೆಜ್ ನೋಡುವ ಮೊದಲು ಅಲ್ಲಿಗೆ ಹೋಗಿ.

ಗಾರೆಮೇಸ್ತ್ರಿ:
ಮುತ್ತಿಡುವ ಮನೆಗಳ ಮುಂದೆ ಫೋಟೊ ತೆಗೆದರೆ ಪಾಯದ ಕಡೆಯದ್ದೂ ಒಂದು ತೆಗೆದು ಹಾಕಿ ಮಂಜಣ್ಣ, ಆ ಮೂಲೆ ಎಷ್ಟು ಇಳಿದಿದೆ ನೋಡಬೇಕು.